ಕ್ರೀಡಾಪಟುಗಳಿಗೆ ಉಷ್ಣಾಘಾತ: ಮಲೆನಾಡಿನಲ್ಲೂ ಇರಲಿ ಎಚ್ಚರ

ಸಾಗರ: ವರದಾ ನದಿಯ ಉಗಮಸ್ಥಾನವಾದ ವರದಮೂಲವಿರುವ ಸಾಗರ ಹಾಗೂ ನೆರೆಯ ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಕಾಡು, ಅಡಿಕೆ ತೋಟಗಳ ತಂಪಿಗೆ ಹೆಸರಾಗಿವೆ. ಆದರೆ ಮುಂಗಾರಿಗೆ ಮುನ್ನ ಇಲ್ಲಿ ಬಿಸಿಲಿಗಿಂತ ಸೆಕೆಯೇ ಹೆಚ್ಚು ಬಾಧಿಸುತ್ತದೆ. ಬೇಸಿಗೆಯ ಪಂದ್ಯಾವಳಿಗಳಲ್ಲಿ ಕ್ರೀಡಾಪಟುಗಳು ಎಚ್ಚರ ವಹಿಸಬೇಕಾದುದು ಈ ಸೆಕೆಯ ಬಗ್ಗೆ.

ಸೆಕೆ ಏಕೆ ಅಪಾಯಕಾರಿ?

ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯ ಸುಮಾರು ಮುಕ್ಕಾಲು ಪಾಲು ಶಾಖವಾಗುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೊ ಕ್ಯಾಲೊರಿ ಶಾಖ ದೇಹದಿಂದ ಹೊರಹೋಗುತ್ತದೆ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ. ಹಾಗೆ ಸುರಿದ ಬೆವರಿನಿಂದ ದೇಹ ತಂಪಾಗದು.

2019ರಲ್ಲಿ ದೋಹಾದಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಮಹಿಳಾ ಮ್ಯಾರಥಾನ್ ಇದಕ್ಕೆ ನಿದರ್ಶನ. ಬಿಸಿಲು ತಪ್ಪಿಸಲು ಮಧ್ಯರಾತ್ರಿ ಓಟ ಆರಂಭಿಸಿದರೂ ಸೆಕೆ ತಗ್ಗಲಿಲ್ಲ. ಕಣದಲ್ಲಿದ್ದ 68 ಮಂದಿಯಲ್ಲಿ 28 ಮಂದಿ ಓಟ ಪೂರೈಸಲಾಗಲಿಲ್ಲ. ಅದಕ್ಕೂ ಮುನ್ನ, 1986ರ ಸೆಪ್ಟೆಂಬರಿನಲ್ಲಿ ಮದ್ರಾಸಿನ ಟೆಸ್ಟ್‌ನಲ್ಲಿ 210 ರನ್ ಗಳಿಸಿದ ಆಸ್ಟ್ರೇಲಿಯಾದ ಡೀನ್ ಜೋನ್ಸ್, ವಾಂತಿ ಮತ್ತು ಸ್ನಾಯುಸೆಳೆತದ ನಡುವೆಯೇ ಆಡಿ ಬಳಿಕ ಆಸ್ಪತ್ರೆ ಸೇರಿದ್ದರು.

ಲಕ್ಷಣಗಳು

ತಲೆಸುತ್ತು, ವಾಕರಿಕೆ, ಅತಿಯಾದ ಆಯಾಸ ಕಾಣಿಸಿದರೆ ಆಟ ನಿಲ್ಲಿಸಿ ವಿಶ್ರಾಂತಿ ಪಡೆಯಬೇಕು. ದೇಹದೊಳಗಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರಿ, ಮಾತು ತೊದಲುವುದು, ತೂರಾಡುವುದು, ಗೊಂದಲ ಅಥವಾ ಪ್ರಜ್ಞಾಹೀನತೆ ಉಂಟಾದರೆ ಅದು ಹೀಟ್ ಸ್ಟ್ರೋಕ್ ಎನ್ನಲಾಗುವ ಉಷ್ಣಾಘಾತ. ಕ್ರೀಡಾಪಟುಗಳಲ್ಲಿ ಆಗಲೂ ಮೈ ಬೆವರುತ್ತಿರಬಹುದು. ಬೆವರು ಇದೆಯೆಂದು ಅಪಾಯವನ್ನು ಅಲ್ಲಗಳೆಯುವಂತಿಲ್ಲ.

ಮೊದಲು ತಂಪು, ನಂತರ ಆಸ್ಪತ್ರೆ

ಕುಸಿದವರನ್ನು ಕೂಡಲೇ ವಾಹನಕ್ಕೇರಿಸುವುದು ರೂಢಿ. ಉಷ್ಣಾಘಾತದಲ್ಲಿ ಇದು ಮಾರಕವಾದೀತು. ಸಾಗರದಿಂದ ಜಿಲ್ಲಾ ಕೇಂದ್ರ ಶಿವಮೊಗ್ಗ ಸುಮಾರು 70 ಕಿ.ಮೀ. ದೂರದಲ್ಲಿದೆ. ಆದರೆ ದೇಹದ ಉಷ್ಣಾಂಶವನ್ನು 30 ನಿಮಿಷಗಳೊಳಗೆ 39 ಡಿಗ್ರಿಗಿಂತ ಕೆಳಗಿಳಿಸಬೇಕು. ಆದ್ದರಿಂದ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ಮೈದಾನದಲ್ಲಿಯೇ ಚಿಕಿತ್ಸೆ ಆರಂಭಿಸಬೇಕು.

ಕುತ್ತಿಗೆಯವರೆಗೆ ಐಸ್ ನೀರಿನಲ್ಲಿ ಮುಳುಗಿಸುವುದು ಅತ್ಯುತ್ತಮ ವಿಧಾನ. ತೊಟ್ಟಿ ಇಲ್ಲದಿದ್ದರೆ ಟಾರ್ಪಾಲಿನ್ ಮೇಲೆ ಮಲಗಿಸಿ, ನಾಲ್ಕೂ ಅಂಚುಗಳನ್ನೆತ್ತಿ ಹಿಡಿದು ತಣ್ಣೀರು ತುಂಬಬಹುದು. ಅಡಿಕೆ ಬೆಳೆಗಾರರ ಮನೆಗಳಲ್ಲಿ ಟಾರ್ಪಾಲಿನ್‌ಗೆ ಕೊರತೆಯಿಲ್ಲ. ಐಸ್ ಸಿಗದಿದ್ದಲ್ಲಿ ಬಾವಿಯ ನೀರನ್ನು ಮೈಮೇಲೆ ಸತತವಾಗಿ ಸುರಿದು ಗಾಳಿ ಹಾಕಬೇಕು. ತಲೆ ನೀರಿನಿಂದ ಮೇಲಿರಬೇಕು. ಪ್ರಜ್ಞೆ ತಪ್ಪಿದವರಿಗೆ ನೀರು ಕುಡಿಸಬಾರದು.

ಮುನ್ನೆಚ್ಚರಿಕೆ

ದೇಹ ಸೆಕೆಗೆ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು. ಅಲ್ಲಿಯವರೆಗೆ ಅಭ್ಯಾಸವನ್ನು ಹಂತಹಂತವಾಗಿ ಹೆಚ್ಚಿಸಬೇಕು. ಜ್ವರವಿದ್ದಾಗ ಆಡಬಾರದು. ಬಾಯಾರಿಕೆಗೆ ತಕ್ಕಂತೆ ನೀರು ಕುಡಿಯಬೇಕು. ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದಲ್ಲಿನ ಸೋಡಿಯಂ ಕುಸಿದು ಬೇರೆ ಅಪಾಯ ಎದುರಾಗುತ್ತದೆ. ಸಂಘಟಕರು ಪಂದ್ಯಗಳನ್ನು ಬೆಳಗಿನ ಹೊತ್ತು ನಡೆಸಿ, ಟ್ರೋಫಿ, ಮೈಕುಗಳ ಜತೆಗೆ ಐಸ್ ಹಾಗೂ ನೀರಿನ ತೊಟ್ಟಿಯನ್ನೂ ಸಿದ್ಧವಾಗಿಟ್ಟುಕೊಂಡರೆ ಜೀವಹಾನಿ ತಪ್ಪಿಸಬಹುದು.