ಮನೆಯಿಂದ ಹೊರಬಂದ ಒಲೆ

1928ರಿಂದ 1930ರ ನಡುವೆ ಮಾಸ್ಕೋದಲ್ಲಿ ಹಣಕಾಸು ಇಲಾಖೆಯ ನೌಕರರಿಗಾಗಿ ನಾರ್ಕೊಮ್‌ಫಿನ್ ಎಂಬ ವಸತಿ ಕಟ್ಟಡ ಎದ್ದಿತು. ವಿನ್ಯಾಸ ಮೊಯ್ಸೆಯ್ ಗಿಂಜ್‌ಬರ್ಗ್ ಮತ್ತು ಇಗ್ನಾತಿ ಮಿಲಿನಿಸ್ ಅವರದು. ಅದರ ಚಿಕ್ಕ ಮನೆಗಳಲ್ಲಿ ಪ್ರತ್ಯೇಕ ಅಡುಗೆಮನೆ ಇರಲಿಲ್ಲ, ಗೋಡೆಯ ಮಗ್ಗುಲಲ್ಲಿ ಏನಾದರೂ ಬಿಸಿಮಾಡಿಕೊಳ್ಳುವಷ್ಟು ಜಾಗವಿತ್ತು. ಊಟಕ್ಕೂ ಬಟ್ಟೆ ಒಗೆಯಲೂ ಎಲ್ಲರಿಗೂ ಸೇರಿದ ಪ್ರತ್ಯೇಕ ಕಟ್ಟಡ. ಹೆಣ್ಣನ್ನು ಮನೆಗೆಲಸದಿಂದ ಬಿಡಿಸದೆ ಸಮಾನತೆ ಬರದು ಎಂದು ಲೆನಿನ್ 1919ರಲ್ಲೇ ಬರೆದಿದ್ದರು. ಆ ಮಾತು ಇಲ್ಲಿ ಇಟ್ಟಿಗೆ, ಕಾಂಕ್ರೀಟಿನ ರೂಪ ಪಡೆಯಿತು.

ಆದರೆ ನಿವಾಸಿಗಳು ಸಾಮೂಹಿಕ ಅಡುಗೆಮನೆಯ ಊಟವನ್ನು ತಮ್ಮ ಮನೆಗೆ ಒಯ್ದು ಉಣ್ಣತೊಡಗಿದರು. 1930ರ ಮೇ ತಿಂಗಳಲ್ಲಿ ಪಕ್ಷವೇ ಇಂಥ ಪ್ರಯೋಗಗಳನ್ನು ಆತುರದವೆಂದು ಟೀಕಿಸಿತು. ನಗರಗಳಲ್ಲಿ ಉಳಿದದ್ದು ಕೊಮ್ಮುನಾಲ್ಕಾ: ಮನೆಗಳ ಅಭಾವದಿಂದ ಹಲವು ಕುಟುಂಬಗಳು ಒಂದೇ ಮನೆಯಲ್ಲಿ ಇಕ್ಕಟ್ಟಾಗಿ ಬಾಳಿದ ಬದುಕು. ಅಡುಗೆಮನೆ ಒಂದೇ ಆದರೂ ಪ್ರತಿ ಕುಟುಂಬಕ್ಕೂ ಅದರದೇ ಮೇಜು, ಅದರದೇ ಸ್ಟೌ.

ನಮ್ಮ ವಠಾರಗಳನ್ನು ಯಾವ ಸಿದ್ಧಾಂತವೂ ಕಟ್ಟಲಿಲ್ಲ. ಬೆಂಗಳೂರು, ಮೈಸೂರಿನ ಹಳೆಯ ಬೀದಿಗಳಲ್ಲಿ ಸಾಲುಮನೆಗಳು ಅಂಗಳ, ನಲ್ಲಿ, ಬಚ್ಚಲು, ಕಕ್ಕಸುಗಳನ್ನು ಹಂಚಿಕೊಂಡವು. ಹಂಚಿಕೊಳ್ಳದೆ ಉಳಿದದ್ದು ಒಲೆ. ಬಾಡಿಗೆಗೆ ಬಂದವರನ್ನು ಮೊದಲು ಕೇಳುತ್ತಿದ್ದುದು 'ನೀವು ಯಾವ ಜನ?' ಎಂದೇ. ಯಾರ ಕೈಯ ಅನ್ನವನ್ನು ಯಾರು ಉಣ್ಣಬಹುದು ಎಂಬುದರಲ್ಲೇ ಜಾತಿ ಬೇರೂರಿತ್ತು.

ಆದ್ದರಿಂದ ತುಮಕೂರಿನ ಸಿದ್ಧಗಂಗಾ ಮಠದ ಅಡುಗೆಮನೆಯನ್ನು ಧಾರ್ಮಿಕ ದಾನವೆಂದಷ್ಟೇ ನೋಡಿದರೆ ಸಾಲದು. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸಾವಿರಾರು ಬಡ ಮಕ್ಕಳು ಜಾತಿ, ಮತಗಳ ಭೇದವಿಲ್ಲದೆ ಅಲ್ಲಿ ಉಣ್ಣುತ್ತ, ಓದುತ್ತ ಇದ್ದರು. ರೈತರು ಕೊಟ್ಟ ರಾಗಿ ಅಲ್ಲಿ ಎಲ್ಲರ ಮುದ್ದೆಯಾಯಿತು. ಇದು ಗಿಂಜ್‌ಬರ್ಗ್ ಕಂಡ ಕನಸಲ್ಲ. ಮಠ ಉಣಿಸಿದ್ದು ವಿದ್ಯಾರ್ಥಿಗಳಿಗೆ. ಊರಿನಲ್ಲಿ ಅವರ ತಾಯಂದಿರು ಒಲೆಯ ಮುಂದೆಯೇ ಉಳಿದರು. ಆದರೆ ಮಾಸ್ಕೋದ ವಾಸ್ತುಶಿಲ್ಪಿಗಳಿಗೆ ಎದುರಾಗದ ಜಾತಿಯ ಗೋಡೆಯೊಂದನ್ನು ಈ ಪಂಕ್ತಿ ದಾಟಿತು.

ಶರಣರ ಆ ದಾಸೋಹದ ಹೆಸರನ್ನೇ ಕರ್ನಾಟಕ ಸರ್ಕಾರ ಶಾಲೆಗಳ ಬಿಸಿಯೂಟಕ್ಕೆ ಇಟ್ಟುಕೊಂಡಿದೆ: ಅಕ್ಷರ ದಾಸೋಹ. ದಲಿತ ಮಹಿಳೆ ಬೇಯಿಸಿದ ಅನ್ನ ಬೇಡವೆಂದು ಪೋಷಕರು ಮಕ್ಕಳನ್ನು ತಡೆದ ಸುದ್ದಿ ಇಂದಿಗೂ ಬರುತ್ತದೆ. ಬೇಯಿಸುವವರು ಬಹುಪಾಲು ಹೆಂಗಸರೇ, ಸಿಗುವುದು ಅಲ್ಪ ಗೌರವಧನ. ಒಲೆ ಮನೆಯಿಂದ ಹೊರಬಂದಿದೆ. ಅದರ ಹಿಂದೆಯೇ ಹೆಂಗಸೂ ಜಾತಿಯೂ ಬಂದು ನಿಂತಿವೆ. ಸಾಮೂಹಿಕ ಬದುಕಿನ ಚರಿತ್ರೆಯನ್ನು ಬರೆಯುವವರು ಕಟ್ಟಡದ ನಕ್ಷೆಯ ಜೊತೆಗೆ, ಯಾರು ಬೇಯಿಸಿದರು, ಯಾರು ಉಣ್ಣಲೊಲ್ಲದೆ ಎದ್ದುಹೋದರು ಎಂಬುದನ್ನೂ ದಾಖಲಿಸಬೇಕಿದೆ.