ಕಥೆಯ ಬಲದಿಂದ ಉಳಿದ ಅರಸಾಳು ನಿಲ್ದಾಣ

ಆರ್.ಕೆ. ನಾರಾಯಣ್ ಅವರ ಮಾಲ್ಗುಡಿಯಲ್ಲಿ ಎಲ್ಲಕ್ಕಿಂತ ಮೊದಲು ಹುಟ್ಟಿದ್ದು ಅಲ್ಲಿನ ರೈಲು ನಿಲ್ದಾಣ. 1930ರಲ್ಲಿ ಬೆಂಗಳೂರಿನಲ್ಲಿ ಮೊದಲ ಕಾದಂಬರಿ ಬರೆಯಲು ಕುಳಿತಾಗ ಒಂದು ಪುಟ್ಟ ನಿಲ್ದಾಣವೇ ಕಣ್ಮುಂದೆ ತೇಲಿಬಂತೆಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಭೂಪಟದಲ್ಲಿ ಇಲ್ಲದ ಈ ನಿಲ್ದಾಣಕ್ಕೆ ಅರ್ಧ ಶತಮಾನದ ನಂತರ ಮಲೆನಾಡಿನಲ್ಲೊಂದು ವಿಳಾಸ ಸಿಕ್ಕಿತು. ಅದೇ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಅರಸಾಳು.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮುಂದೆ ಮೈಸೂರು ಸಂಸ್ಥಾನದ ಕಾಲದಲ್ಲಿ ಕಾಡು ಸೀಳಿಕೊಂಡು ಹೊರಟ ಮೀಟರ್‌ಗೇಜ್ ಹಳಿ ಅರಸಾಳು, ಆನಂದಪುರ, ಸಾಗರಗಳನ್ನು ದಾಟಿ 1940ರಲ್ಲಿ ತಾಳಗುಪ್ಪ ಮುಟ್ಟಿತು. ಜೋಗಕ್ಕೆ ಹೋಗುವವರು ಇಳಿಯುತ್ತಿದ್ದುದು ತಾಳಗುಪ್ಪದಲ್ಲೇ. ನಡುವಿನ ಅರಸಾಳನ್ನು ಕಿಟಕಿಯಿಂದ ನೋಡಿದವರೇ ಹೆಚ್ಚಿರಬೇಕು.

ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆಯುವಾಗ ಊರಿಗೆ ಆಗುಂಬೆಯನ್ನು ಆರಿಸಿಕೊಂಡರು. ಆಗುಂಬೆಯಲ್ಲಿ ಮಳೆಯಿದೆ, ಹಳೆಯ ಮನೆಗಳಿವೆ. ರೈಲು ಮಾತ್ರ ಇಲ್ಲ! ರೈಲಿಲ್ಲದ ಮಾಲ್ಗುಡಿ ಎಂಥ ಮಾಲ್ಗುಡಿ? ಹೀಗೆ ಅರಸಾಳು ಕಥೆಯೊಳಗೆ ಬಂತು.

ಮುಂದೆ ಗೇಜ್ ಬದಲಾವಣೆಯ ಕಾಲ ಬಂತು. ಮೀಟರ್‌ಗೇಜ್‌ನ ಹಳಿಗಳ ನಡುವಿನ ಅಂತರ 1,000 ಮಿಲಿಮೀಟರ್, ಬ್ರಾಡ್‌ಗೇಜ್‌ನದು 1,676. ಹಳಿಯೊಂದನ್ನೇ ಸರಿಸಿದರೆ ಮುಗಿಯುವ ಕೆಲಸವಲ್ಲ ಅದು. ಬೋಗಿಗಳು ಅಗಲವಾಗುತ್ತವೆ, ರೈಲುಗಳು ಉದ್ದವಾಗುತ್ತವೆ. ಸೇತುವೆ, ತಿರುವು, ಪ್ಲಾಟ್‌ಫಾರಂ ಎಲ್ಲವೂ ಹೊಸ ಅಳತೆಗೆ ಹೊಂದಬೇಕು. ಅರಸಾಳಿನಲ್ಲಿ ಬೇರೆ ಕಟ್ಟಡ ಎದ್ದಿತು. ಹಂಚು ಹೊದ್ದ ಹಳೆಯದು ಪಾಳುಬಿತ್ತು. ಇಂಥ ಎಷ್ಟೋ ಕಟ್ಟಡಗಳು ನಾಡಿನುದ್ದಕ್ಕೂ ಸದ್ದಿಲ್ಲದೆ ನೆಲ ಕಚ್ಚಿವೆ.

ಅರಸಾಳಿನದಕ್ಕೆ ಆ ಗತಿ ಬರಲಿಲ್ಲ. ಧಾರಾವಾಹಿಯ ಕಲಾ ನಿರ್ದೇಶನದಲ್ಲಿದ್ದ ಜಾನ್ ದೇವರಾಜ್ ಅವರ ಕೈಯಲ್ಲಿ ನೈಋತ್ಯ ರೈಲ್ವೆ ಅದನ್ನು ದುರಸ್ತಿ ಮಾಡಿಸಿತು. 2020ರಲ್ಲಿ ಅದು ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಪಕ್ಕದಲ್ಲೊಂದು ಹಳೆಯ ಬೋಗಿ ಚಹಾದಂಗಡಿಯಾಗಿ ನಿಂತಿತು.

ಕಟ್ಟಡ ಉಳಿದದ್ದು ಸಂತೋಷವೇ. ಆದರೆ ಅದನ್ನು ಉಳಿಸಿದ್ದು ಕೆಲವು ದಿನಗಳ ಚಿತ್ರೀಕರಣ. ಮಳೆಗಾಲದ ಕತ್ತಲಲ್ಲಿ ಲಾಟೀನು ಹಿಡಿದು ರೈಲು ಬಿಟ್ಟ ಸ್ಟೇಷನ್ ಮಾಸ್ತರರು, ಹಳಿ ಕಾದ ಗ್ಯಾಂಗ್‌ಮನ್‌ಗಳು ಇಲ್ಲಿ ಎಪ್ಪತ್ತು ವರ್ಷ ದುಡಿದಿದ್ದಾರೆ. ಸ್ವಾಮಿಗೂ ಅವನ ಗೆಳೆಯರಿಗೂ ಸಿಕ್ಕ ಗೋಡೆಯಲ್ಲಿ ಅವರಿಗೂ ಒಂದಿಷ್ಟು ಜಾಗ ಸಿಗಬೇಕು. ಆ ಕಾಲ ಕಂಡವರು ಸುತ್ತಲಿನ ಹಳ್ಳಿಗಳಲ್ಲಿ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಇದು.