ಅಂತರಜಾಲ ದೂರವಾಣಿಯೂ ಸಂಖ್ಯೆಯ ಪ್ರಶ್ನೆಯೂ

ಕೈಯಲ್ಲಿ ಹಿಡಿದ ನಿಸ್ತಂತು ಹ್ಯಾಂಡ್‌ಸೆಟ್ಟಿನಿಂದ ಅಂತರಜಾಲದ ಮೂಲಕ ಮಾತನಾಡುವುದು ಇಂದು ನಿತ್ಯದ ಸಂಗತಿ. ಇದರ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಯಂತ್ರಗಳ ಸುಧಾರಣೆಯನ್ನು ಹೇಳಿ ಮುಗಿಸುತ್ತಾರೆ. ಭಾರತದ ಮಟ್ಟಿಗಾದರೂ ಅದು ಸಾಲದೆಂದು ನಮಗೆ ತೋರುತ್ತದೆ. ಇಲ್ಲಿ ತೊಡಕಾದದ್ದು ಯಂತ್ರಕ್ಕಿಂತ ಹೆಚ್ಚಾಗಿ ಟೆಲಿಫೋನಿನ ಸಂಖ್ಯೆ.

ಧ್ವನಿಯ ಸಮಸ್ಯೆ ಬಹಳ ಹಿಂದೆಯೇ ಬಗೆಹರಿದಿತ್ತು. 1974ರ ಆಗಸ್ಟಿನಲ್ಲಿ ಅಮೆರಿಕದ ಆರ್ಪಾನೆಟ್ ಜಾಲದ ಮೇಲೆ, ಕ್ಯಾಲಿಫೋರ್ನಿಯದ ಒಂದು ಸಂಶೋಧನ ಸಂಸ್ಥೆಗೂ ಮ್ಯಾಸಚೂಸೆಟ್ಸಿನ ಲಿಂಕನ್ ಪ್ರಯೋಗಶಾಲೆಗೂ ನಡುವೆ ಮಾತು ತುಣುಕುತುಣುಕಾಗಿ ಹಾದುಹೋಯಿತು. ಡ್ಯಾನಿ ಕೋಹೆನ್ ಮೊದಲಾದವರು ಆಗ ಕಂಡುಕೊಂಡ ಅಂಶ ಗಮನಾರ್ಹವಾದುದು. ಪತ್ರವೊಂದು ತಡವಾದರೂ ಚಿಂತೆಯಿಲ್ಲ, ಪೂರ್ತಿಯಾಗಿ ಬರಬೇಕು. ಮಾತು ಹಾಗಲ್ಲ, ಅಲ್ಲಲ್ಲಿ ಕೊಂಚ ಕಳೆದುಹೋದರೂ ಹೊತ್ತಿಗೆ ಸರಿಯಾಗಿ ಬರಬೇಕು. 1978ರಲ್ಲಿ ಜಾಲದ ಮೂಲ ನಿಯಮಾವಳಿಯನ್ನು ಎರಡಾಗಿ ಒಡೆದುದಕ್ಕೆ ಈ ಅರಿವೂ ಒಂದು ಕಾರಣ. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್, 2003ರಲ್ಲಿ ಸ್ಕೈಪ್ (ಅದು 2025ರ ಮೇ ತಿಂಗಳಲ್ಲಿ ನಿಂತುಹೋಯಿತು) ಇದನ್ನು ಜನಸಾಮಾನ್ಯರಿಗೆ ತಲುಪಿಸಿದವು. 2006ರ ಸುಮಾರಿಗೆ ನೋಕಿಯದ ಇ-ಶ್ರೇಣಿಯ ಫೋನುಗಳಲ್ಲಿ ವೈಫೈಯೂ ಅಂತರಜಾಲ ಕರೆಯ ಸೌಲಭ್ಯವೂ ಒಟ್ಟಿಗೆ ಸೇರಿದವು.

ಇನ್ನು ನಮ್ಮ ದೇಶದ ಮಾತು. ಇಲ್ಲಿ 2002ರ ಏಪ್ರಿಲ್ 1ರವರೆಗೆ ಅಂತರಜಾಲದ ಮೂಲಕ ಫೋನು ಮಾಡುವುದು ನಿಷಿದ್ಧವಾಗಿತ್ತು. ಅಂದು ದೊರೆತ ಅನುಮತಿಯ ಸ್ವರೂಪ ವಿಚಿತ್ರವಾದುದು. ಕಂಪ್ಯೂಟರಿನಿಂದ ಲಂಡನ್ನಿನ ಯಾವುದೇ ಟೆಲಿಫೋನಿಗೆ ಕರೆ ಮಾಡಬಹುದಾಗಿತ್ತು. ಬೆಂಗಳೂರಿನಿಂದ ಧಾರವಾಡದ ಟೆಲಿಫೋನಿಗೆ ಮಾಡುವಂತಿರಲಿಲ್ಲ! ಅಂತರಜಾಲ ವಿಳಾಸವುಳ್ಳ ಒಂದು ಉಪಕರಣ ಅಂತಹುದೇ ಇನ್ನೊಂದರೊಡನೆ ಮಾತನಾಡಬಹುದು. ಆದರೆ ಆ ವಿಳಾಸವು ರಾಷ್ಟ್ರೀಯ ಟೆಲಿಫೋನು ಸಂಖ್ಯೆಗಳೊಡನೆ ಬೆರೆಯಕೂಡದೆಂದು ನಿಯಮದಲ್ಲೇ ವಿಧಿಸಲಾಗಿತ್ತು. ಇದನ್ನು ಕೇವಲ ಅಧಿಕಾರಿಗಳ ಮೊಂಡುತನವೆನ್ನುವುದು ಸರಿಯಲ್ಲ. ಟೆಲಿಫೋನು ಕಂಪನಿಗಳು ಲೈಸೆನ್ಸಿಗಾಗಿ ಅಪಾರ ಹಣ ತೆತ್ತಿದ್ದವು. ಅಂತರಜಾಲ ಸೇವೆಯವರಿಗೆ ಆ ಹೊರೆ ಇರಲಿಲ್ಲ. ಹೀಗೆ ಹ್ಯಾಂಡ್‌ಸೆಟ್ಟಿಗೆ ಬಾಯಿ ಬಂದಿದ್ದರೂ ಹೆಸರಿರಲಿಲ್ಲ.

ಈ ಗೋಡೆಯನ್ನು ಯಾರೂ ಕೆಡವಲಿಲ್ಲ; ಜನರು ಅದನ್ನು ಬಳಸಿಕೊಂಡು ಹೋದರು. 2015ರಲ್ಲಿ ವಾಟ್ಸಾಪ್ ಧ್ವನಿ ಕರೆಯನ್ನು ಆರಂಭಿಸಿತು. ಅಲ್ಲಿ ಮೊಬೈಲ್ ಸಂಖ್ಯೆಯು ಆಳನ್ನು ಗುರುತಿಸುವ ಚೀಟಿ ಮಾತ್ರ; ಮಾತು ಟೆಲಿಫೋನು ಜಾಲವನ್ನು ಮುಟ್ಟುವುದೇ ಇಲ್ಲ. ನಿಯಮವು ಬೆರೆಯಕೂಡದೆಂದಿದ್ದ ಎರಡನ್ನೂ ಬಳಕೆದಾರನ ಕಣ್ಣಿನಲ್ಲಿ ಅದು ಬೆರೆಸಿಬಿಟ್ಟಿತು. ಸರ್ಕಾರವು ಅಂತರಜಾಲ ದೂರವಾಣಿಗೆ ಮೊಬೈಲ್ ಮಾದರಿಯ ಸಂಖ್ಯೆಯನ್ನು ಒಪ್ಪಿದ್ದು 2018ರ ಜೂನಿನಲ್ಲಿ. ಮರುತಿಂಗಳೇ ಬಿ.ಎಸ್.ಎನ್.ಎಲ್. ಸಂಸ್ಥೆಯು 'ವಿಂಗ್ಸ್' ಎಂಬ ಸೇವೆಯನ್ನು ಸಾರಿ, ಸಿಮ್ಮಿಲ್ಲದೆಯೇ ಹತ್ತಂಕಿಯ ಸಂಖ್ಯೆಯನ್ನು ಕೊಡಲು ಮುಂದಾಯಿತು. ಹದಿನಾರು ವರ್ಷಗಳ ಬಳಿಕ ಬಂದ ಈ ಹಕ್ಕು, ನಮ್ಮ ಅಭಿಪ್ರಾಯದಲ್ಲಿ, ಹಸಿವು ಇಂಗಿದ ಮೇಲೆ ಬಡಿಸಿದ ಊಟ.

2019ರ ಡಿಸೆಂಬರಿನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ವೈಫೈ ಕರೆಯನ್ನು ತಂದವು. ಇದರಲ್ಲಿ ಸಿಮ್ಮೂ ಸಂಖ್ಯೆಯೂ ಹಳೆಯವೇ. ಮಾತು ಮಾತ್ರ ಮನೆಯ ಅಂತರಜಾಲದಲ್ಲಿ ಗೂಢಲಿಪಿಯಾಗಿ ಸಾಗಿ ಕಂಪನಿಯ ಜಾಲವನ್ನು ಸೇರುತ್ತದೆ. ಗೋಪುರದ ಸಂಕೇತ ಒಳಗೆ ನುಸುಳದ ಮನೆಯಲ್ಲಿಯೂ, ಅಂಗಳಕ್ಕೆ ಓಡದೆ, ಅದೇ ಸಂಖ್ಯೆಯ ಫೋನು ಈಗ ಕೋಣೆಯಲ್ಲೇ ಮೊಳಗುತ್ತದೆ.